ತೂತು ಬಿದ್ದ ಬಿಲ್ಲೆಗಳು

ಕುವೈತಿನ ಸುಲೈಬಿಯಾದ ಆಚೆಗಿರುವ ಬಂದೂಕು ಕ್ಲಬ್ಬಿನಲ್ಲಿ ಸುಂದರನಿಗೆ ಹದಿನೆಂಟು ವರ್ಷದ ನೌಕರಿ. ಇಷ್ಟು ವರ್ಷದಲ್ಲಿ ಒಂದು ಸಲವೂ ಬಂದೂಕು ಮುಟ್ಟಿದವನಲ್ಲ. ಶೂಟರ್‌ಗಳ ಎದುರಿನ ನೆಲದಡಿಯ ಗುಂಡಿಯಲ್ಲಿ ಕೂತು ಯಂತ್ರಕ್ಕೆ ಬಿಲ್ಲೆ ತುಂಬುವುದು ಅವನ ಕೆಲಸ. ಡಾಂಬರಿಗೆ ಸುಣ್ಣಕಲ್ಲಿನ ಪುಡಿ ಸೇರಿಸಿ ಮಾಡಿದ ಅಂಗೈಯಗಲದ ಬಿಲ್ಲೆ. ಯಂತ್ರ ಅದನ್ನು ಆಕಾಶಕ್ಕೆ ಎಸೆಯುತ್ತದೆ, ಮೇಲೆ ನಿಂತವರು ಹೊಡೆದು ಒಡೆಯಬೇಕು. ಆದರೆ ಇವನ ಜಂಬ ನೋಡಬೇಕು! ಕುವೈತಿನ ಬಾವುಟದಡಿ ಒಲಿಂಪಿಕ್ಸಿನಲ್ಲಿ ಈವರೆಗೆ ಬಂದದ್ದು ಕಂಚು ಮಾತ್ರ, ಅಷ್ಟೂ ಬಂದೂಕಿನಿಂದಲೇ ಬಂದದ್ದು. ಇನ್ನು ಮೊದಲ ಚಿನ್ನ ಬರುವುದಿದ್ದರೆ ತನ್ನ ಗುಂಡಿಯ ಮೇಲಿನಿಂದಲೇ ಬರಬೇಕು ಎಂದು ತಾನಿರುವ ಫರ್ವಾನಿಯಾದ ರೂಮಿನವರಿಗೆಲ್ಲ ಹೇಳಿ ಹೇಳಿ ತಲೆ ತಿಂದಿದ್ದಾನೆ.

ಆ ಚಿನ್ನಕ್ಕೆ ಅವನು ನಂಬಿಕೊಂಡದ್ದು ಇಪ್ಪತ್ನಾಲ್ಕು ವರ್ಷದ ಶೂಟರ್ ಯೂಸುಫನನ್ನು. ಈ ಬೇಸಿಗೆಯಲ್ಲಿ ಅದೇ ಯೂಸುಫ್ ಕೈಕೊಡತೊಡಗಿದ. ಇಪ್ಪತ್ತೈದು ಬಿಲ್ಲೆಗಳಲ್ಲಿ ಇಪ್ಪತ್ನಾಲ್ಕನ್ನು ಒಡೆಯುತ್ತಿದ್ದವನು ಹತ್ತೊಂಬತ್ತಕ್ಕೆ ಇಳಿದ. "ಗುರುವಾರ ಕೊನೆಯ ಅವಕಾಶ. ಅದೂ ತಪ್ಪಿದರೆ ನಿನ್ನ ಹೆಸರು ತಂಡದ ಪಟ್ಟಿಯಲ್ಲಿ ಇರುವುದಿಲ್ಲ," ಎಂದ ಕೋಚ್.

ಬುಧವಾರ ಸಂಜೆ ಬಯಲು ಗುಡಿಸುವಾಗ ಸುಂದರನ ಕೈಗೆ ಒಡೆಯದ ಬಿಲ್ಲೆಯೊಂದು ಸಿಕ್ಕಿತು. ಅದರಲ್ಲಿ, ಒಂದೇ ತೋಟಾದಿಂದ ಚದುರುವ ಸಣ್ಣ ಗುಂಡುಗಳು ಹೊಕ್ಕ ಮೂರು ತೂತು. ಇನ್ನೊಂದರಲ್ಲಿ ನಾಲ್ಕು. ಹುಡುಗನ ಗುರಿ ತಪ್ಪಿರಲಿಲ್ಲ, ಬಿಲ್ಲೆಯೇ ಒಡೆದಿರಲಿಲ್ಲ! ತುಂಡು ಹಾರಿದ್ದು ಕಣ್ಣಿಗೆ ಕಂಡರೆ ಮಾತ್ರ ಅಂಕ ಕೊಡುವುದು ಈ ಆಟದ ನಿಯಮ.

ಬಿಲ್ಲೆ ಮೆತ್ತಗಾದದ್ದು ಯಾಕೆಂದು ಯೋಚಿಸುತ್ತಾ ಅವನು ತಗಡಿನ ಶೆಡ್ಡಿನ ಕಡೆ ತಿರುಗಿದ. ಹೊಸ ಪೆಟ್ಟಿಗೆಗಳನ್ನು ಅಟ್ಟಕ್ಕೆ ಏರಿಸಿದವನು ತಾನೇ. ಕರಾವಳಿಯಲ್ಲಿ ಹುಟ್ಟಿದವನಿಗೆ ನೆಲದ ಥಂಡಿಯ ಹೆದರಿಕೆ ಹೋಗುವುದೇ ಇಲ್ಲ. ಅಕ್ಕಿಯಾಗಲಿ ಹಪ್ಪಳವಾಗಲಿ ಮೇಲಿಟ್ಟರೇ ಸಮಾಧಾನ. ಥಂಡಿಯೆಂಬುದೇ ಇಲ್ಲದ ಮರುಭೂಮಿಯಲ್ಲಿ, ಕಾದ ತಗಡಿಗೆ ಅಂಟಿಸಿದ ಹಾಗೆ ಡಾಂಬರಿನ ಬಿಲ್ಲೆ ಜೋಡಿಸಿಟ್ಟಿದ್ದ! ರಾತ್ರಿ ತಣಿದು ಬಿಲ್ಲೆ ಗಟ್ಟಿಯಾಗುತ್ತಿದ್ದುದರಿಂದ ಬೆಳಿಗ್ಗೆ ಬರುವವರಿಗೆ ತೊಂದರೆಯಾಗಿರಲಿಲ್ಲ. ಮಧ್ಯಾಹ್ನ ಎರಡರ ಉರಿಬಿಸಿಲಿಗೆ ಬರುತ್ತಿದ್ದವನು ಯೂಸುಫ್ ಒಬ್ಬನೇ.

ಕ್ಲಬ್ಬಿನ ಡ್ರೈವರ್, ಉಳ್ಳಾಲದ ರಹ್ಮತ್, ವಿಷಯ ಕೇಳಿ ಹೌಹಾರಿದ. "ಸುಂದರಣ್ಣ, ನೀವು ಸುಮ್ಮನಿರಿ ಮಾರಾಯ್ರೆ. ಪೆಟ್ಟಿಗೆ ಕೆಳಗೆ ಇಡಿ, ಆಯ್ತಲ್ಲ? ಬಾಯಿ ಬಿಟ್ರೆ ನಿಮ್ಮ ಇಕಾಮಾ ಖಲಾಸ್, ಸೀದಾ ಊರಿಗೆ ಕಳಿಸ್ತಾರೆ."

"ಒಮ್ಮೆ ಮೆತ್ತಗಾದದ್ದು ಕೆಳಗಿಟ್ರೂ ನಾಳೆ ಬಿಸಿಲೇರಿದ ಕೂಡಲೇ ಮತ್ತೆ ಮೆತ್ತಗಾಗ್ತದೆ ರಹ್ಮತ್. ಅವ ನಾಳೆಯೂ ಸೋಲ್ತಾನೆ. ಅವನ ಹೆಸರು ಹೋದ ಮೇಲೆ ನಾನು ಇಲ್ಲಿ ಇದ್ದು ಎಂತ ಮಾಡುದು?"

ಗುರುವಾರ ಅವನು ಬಯಲೆಲ್ಲ ಹುಡುಕಿ ಒಟ್ಟುಮಾಡಿದ, ತೂತು ಬಿದ್ದ ಹನ್ನೊಂದು ಬಿಲ್ಲೆಗಳನ್ನು ಕೋಚ್ ಮೇಜಿನ ಮೇಲೆ ಸಾಲಾಗಿ ಇಟ್ಟ. ಗೊತ್ತಿದ್ದಷ್ಟು ಅರಬಿಯಲ್ಲಿ ತಪ್ಪು ತನ್ನದೇ ಎಂದ. ಕೋಚ್ ಮುಖ ಕೆಂಪಾಯಿತು, ಕ್ಲಬ್ಬೆಲ್ಲ ಕೇಳುವಂತೆ ಬೈದ. ಬಾಗಿಲಲ್ಲಿ ನಿಂತಿದ್ದ ಯೂಸುಫ್ ಒಂದು ಬಿಲ್ಲೆಯನ್ನು ಎತ್ತಿ ಬೆಳಕಿಗೆ ಹಿಡಿದು ತೂತಿನ ಮೂಲಕ ನೋಡಿದ. ಕೊನೆಗೆ ಕೋಚ್ ಎ.ಸಿ. ಕೋಣೆಯಿಂದ ಒಂದು ಪೆಟ್ಟಿಗೆ ತರಿಸಿ, "ಯಲ್ಲಾ, ನಡಿ, ಗುಂಡಿಗೆ ಇಳಿ," ಎಂದು ಗದರಿದ.

ಗುಂಡಿಯಿಂದ ಆಕಾಶ ಕಾಣುವುದಿಲ್ಲ. ಸುಂದರನಿಗೆ ಕೇಳಿಸಿದ್ದು ಗುಂಡಿನ ಸದ್ದು, ಆಮೇಲೆ ಚೂರುಗಳು ಉದುರುವ ಸದ್ದು. ಒಂದು, ಎರಡು, ಹತ್ತು. ಬೆವರಿದ ಕೈಯಲ್ಲಿ ಬಿಲ್ಲೆ ತುಂಬುತ್ತಲೇ ಎಣಿಸಿದ. ಇಪ್ಪತ್ತೈದಕ್ಕೆ ಇಪ್ಪತ್ತೈದೂ ಪುಡಿಯಾಗಿದ್ದವು. ಅಲ್ಲೇ ಕುಸಿದು ಕೂತು ಹೆಗಲ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ.

ಮೆಟ್ಟಿಲಲ್ಲಿ ಹೆಜ್ಜೆ ಕೇಳಿಸಿತು. ಬೈಸಿಕೊಳ್ಳಲು ಸಿದ್ಧನಾಗಿ ಎದ್ದು ನಿಂತ. ಬಂದವನು ಯೂಸುಫ್. ಕೋಚ್ ಮತ್ತು ಕ್ಲಬ್ಬಿನ ದೊಡ್ಡವರು ಮೇಲಿನಿಂದ ಬಗ್ಗಿ ನೋಡುತ್ತಿರುವಂತೆಯೇ ಅವನು ಸುಂದರನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಈ ದೇಶದ ಮಕ್ಕಳು ತಂದೆಗೆ ಮಾಡುವ ಹಾಗೆ, ಹಣೆಗೆ ಮುತ್ತಿಟ್ಟ.