ಐದನೇ ಉಂಗುರದಿಂದಾಚೆಗೆ

ಕಿಟಕಿಯ ಗಾಜು ಬೆಳ್ಳಗಾಗುತ್ತಿದೆ. ಬಿಸಿಲು ಇನ್ನೂ ಬಂದಿಲ್ಲ. ನೆರಳು ಬೀಳದ ಈ ಅರೆಗಳಿಗೆಯ ಬೆಳಕಿಗಾಗಿಯೇ ಗೆರೆಯಮ್ಮ ಬೀದಿಯ ನಾಯಿಗಳಿಗಿಂತ ಮೊದಲು ಏಳುತ್ತಾರೆ. ಮೀನು ಹಿಡಿಯುವ ಸಾಮಾನಿನ ಅಂಗಡಿಯ ಹಿಂದಿನ ಕೋಣೆ ಅದು. ಉದ್ದನೆಯ ಮೇಜಿನ ಮೇಲೆ ಎರಡು ಮರದ ಕವೆ, ಕವೆಗಳ ಮೇಲೆ ಮಲಗಿರುವ ಗಾಳದ ಕೋಲು. ಮೇಜಿನ ಈಚೆ ತುದಿಯಲ್ಲಿ ಬಟ್ಟೆ ಸುತ್ತಿದ ಮರದ ತುಂಡೊಂದನ್ನು ಮೊಳೆ ಹೊಡೆದು ಕೂರಿಸಿದ್ದಾರೆ. ಅದರ ಮೇಲೆ ಗಲ್ಲ ಊರಿ, ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಕೋಲಿನ ಬುಡದಿಂದ ತುದಿಯವರೆಗೆ ನೋಡುವುದು ಗೆರೆಯಮ್ಮನ ಕೆಲಸ. ದಾರ ಹಾಯುವ ಉಂಗುರಗಳೆಲ್ಲ ಒಂದರೊಳಗೊಂದು ಕೂತ ಹಾಗೆ ಕಾಣಬೇಕು.

"ನೋಡೋದಷ್ಟೇ ಕೆಲಸ. ನೋಡೋದಕ್ಕೆ ಸಂಬಳ ಕೊಡ್ತಾರೆ ಅಂತ ನಮ್ಮ ಬೀದೀಲಿ ಎಲ್ರಿಗೂ ಹೊಟ್ಟೆಕಿಚ್ಚು," ಎನ್ನುತ್ತಾರೆ. ನಗುವುದಿಲ್ಲ. ನಗುವುದಕ್ಕೂ ಬೆಳಗ್ಗೆ ಇಷ್ಟು ಬೇಗ ಮೈ ಏಳಬೇಕಲ್ಲ.

ಗೆರೆಯಮ್ಮ ಎಂದು ಹೆಸರಿಟ್ಟದ್ದು ಅಂಗಡಿಯ ಹಳೇ ಯಜಮಾನರು. ನಿಜವಾದ ಹೆಸರು ಈಗ ಆಸ್ಪತ್ರೆಯ ಚೀಟಿಯಲ್ಲಿ ಮಾತ್ರ ಉಳಿದಿದೆ. ಮೊದಲು ಅವರೂ ಅವರ ಅಕ್ಕನೂ ಕೊಡೆ ಕಾರ್ಖಾನೆಯಲ್ಲಿದ್ದರು. ಅಕ್ಕ ಬಟ್ಟೆ ಹೊಲಿಯುತ್ತಿದ್ದರೆ ಗೆರೆಯಮ್ಮ ಸೊಟ್ಟ ಕಡ್ಡಿಗಳನ್ನು ಆರಿಸಿ ಎಸೆಯುತ್ತಿದ್ದರು. ಕಾರ್ಖಾನೆ ಬಾಗಿಲು ಹಾಕಿತು. ಆಮೇಲೆ ಮನೆಮನೆಯ ಪಾತ್ರೆ, ಹೋಟೆಲಿನ ಈರುಳ್ಳಿ, ಇಬ್ಬರ ಗಂಡಂದಿರ ಕಾಯಿಲೆ, ಸಾವು. ಎಲ್ಲ ಮುಗಿದ ಮೇಲೆ ಒಂದೇ ಕೋಣೆಯ ಮನೆ, ಒಂದೇ ಕೆಲಸ, ಒಂದೇ ಜಗಳ.

ಇಲ್ಲಿ ಕೋಲೆಂದರೆ ಬಿದಿರಲ್ಲ, ಒಳಗೆ ಪೊಳ್ಳಾದ ಕರಿ ಕಾರ್ಬನ್ ಕಡ್ಡಿ. ಕೊಳ್ಳುವವರ ಕೈ ನೋಡಿ ಹಿಡಿ ಕೂರಿಸುತ್ತಾರೆ. ಬುಡದ ಕಡೆ ದೊಡ್ಡ ಉಂಗುರ, ತುದಿಗೆ ಹೋದಂತೆ ಚಿಕ್ಕದು, ಒಟ್ಟು ಒಂಬತ್ತು. ಗೆರೆಯಮ್ಮ ಅವನ್ನು ಒಂದೇ ಗೆರೆಗೆ ತಂದು ಟೇಪು ಅಂಟಿಸಿ ಕೊಟ್ಟರೆ, ಅಕ್ಕ ಒಂದೊಂದರ ಪಾದಕ್ಕೂ ನೂಲು ಸುತ್ತಿ ಬಿಗಿಯುತ್ತಾರೆ. ಇನ್ನೊಮ್ಮೆ ನೋಡಿ, ಹೆಬ್ಬೆರಳಲ್ಲಿ ಒತ್ತಿ ತಿದ್ದುವುದಿದೆ. ಆಮೇಲೆ ನೂಲಿನ ಮೇಲೆ ರೆಸಿನ್ ಬಳಿಯುತ್ತಾರೆ. ಅದು ಗಾಜಿನಂತೆ ಗಟ್ಟಿಯಾದ ಮೇಲೆ ಯಾವ ಹೆಬ್ಬೆರಳ ಆಟವೂ ನಡೆಯುವುದಿಲ್ಲ. ವಾರಕ್ಕೆ ಎರಡು ಕೋಲು ಮುಗಿದರೆ ದೊಡ್ಡದು.

ಇವತ್ತಿನ ಕೋಲು ಕ್ರೇನ್ ನಡೆಸುತ್ತಿದ್ದ ಒಬ್ಬರದು. ಹೋದ ವರ್ಷ ಪಾರ್ಶ್ವವಾಯು ಹೊಡೆದು ಅವರ ಬಲಗೈ ದಾರದ ರೀಲು ತಿರುಗಿಸುವಷ್ಟಕ್ಕೆ ಮಾತ್ರ ಉಳಿದಿದೆ. ಕೋಲು ಹಿಡಿಯಬೇಕಾದದ್ದು ಅಭ್ಯಾಸವಿಲ್ಲದ ಎಡಗೈ. ನಾಳೆ ಭಾನುವಾರ, ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ಗೆಳೆಯರ ಜೊತೆ ಸೇತುವೆಯ ಮೇಲೆ ಕೂರುವ ದಿನ. ಇವತ್ತು ಹತ್ತು ಗಂಟೆಗೆ ಬರುತ್ತೇನೆಂದು ಹೇಳಿ ಹೋಗಿದ್ದಾರೆ.

ರೆಸಿನ್ ಒಣಗಿದೆ. ಗೆರೆಯಮ್ಮ ಕೊನೆಯದಾಗಿ ನೈಲಾನ್ ದಾರವನ್ನು ಉಂಗುರಗಳೊಳಗೆ ಹಾಯಿಸಿ ಎಳೆದು ಹಿಡಿಯುತ್ತಾರೆ. ನಾಲ್ಕನೆಯದರವರೆಗೆ ದಾರ ನಟ್ಟನಡುವೆ. ಐದನೆಯದರಲ್ಲಿ ಅಂಚಿಗೆ ತಾಗುತ್ತದೆ. ಆರನೆಯದರಲ್ಲಿ ಇನ್ನೂ ಒಂದಿಷ್ಟು. ದಾರ ಬಿಟ್ಟು, ಕಣ್ಣುಜ್ಜಿ, ಮತ್ತೆ ಎಳೆಯುತ್ತಾರೆ. ಅಲ್ಲೇ ತಾಗುತ್ತದೆ.

ಏನಾಗಿದೆಯೆಂದು ಅವರಿಗೆ ತಕ್ಷಣ ಗೊತ್ತಾಗುತ್ತದೆ. ಕೆಲವು ತಿಂಗಳಿಂದ ಬಲಗಣ್ಣಿಗೆ ಮಂಜು ಕಟ್ಟುತ್ತಿದೆ. ಹತ್ತಿರದ ದೊಡ್ಡ ಉಂಗುರಗಳು ಕಾಣುತ್ತವೆ, ದೂರದ ಸಣ್ಣವು ಕರಗಿಹೋಗುತ್ತವೆ. ಅವುಗಳ ಹೊತ್ತಿಗೆ ಅವರು ಸುಮ್ಮನೆ ಬಲಗಣ್ಣು ಮುಚ್ಚಿ ಎಡಗಣ್ಣು ತೆರೆದಿದ್ದರು. ಗಲ್ಲ ಮಾತ್ರ ಇದ್ದಲ್ಲೇ ಇತ್ತು. ಕೋಲು ಬಲಗಣ್ಣಿನ ನೇರಕ್ಕೆ ಮಲಗಿತ್ತು, ನೋಟ ಪಕ್ಕದಿಂದ ಬಂದಿತ್ತು.

"ಅಕ್ಕಾ, ಇದು ವಾರೆಯಾಗಿದೆ."

ನೂಲಿನ ಉಂಡೆ ಬಿಡಿಸುತ್ತಿದ್ದ ಅಕ್ಕ ತಲೆಯೆತ್ತುವುದಿಲ್ಲ. "ಕೂದಲೆಳೆಯಷ್ಟು. ಮೀನೇನು ಅಳತೆಪಟ್ಟಿ ಹಿಡ್ಕೊಂಡು ಬರುತ್ತಾ?"

"ಕೂದಲೆಳೆ ಅಂತ ನಿಂಗೆ ಹೇಗೆ ಗೊತ್ತು? ನೀನಿನ್ನೂ ನೋಡೇ ಇಲ್ವಲ್ಲ."

ಕೈ ನಿಲ್ಲುತ್ತದೆ. ಅಕ್ಕ ಉಂಡೆಯನ್ನು ಮಡಿಲಲ್ಲಿಡುತ್ತಾರೆ. "ಸುತ್ತುವಾಗ್ಲೇ ಗೊತ್ತಾಯ್ತು ಕಣೇ. ಪಾದ ಓರೆ ಕೂತಿತ್ತು."

"ಮತ್ತೆ ಬಾಯಿ ಬಿಡೋಕೇನಾಗಿತ್ತು?"

"ಏನಂತ ಬಿಡ್ಲಿ? ನಿನ್ನ ಕಣ್ಣು ಹೋಯ್ತು ಅಂತಾನಾ? ನೀನೇ ತಿದ್ತೀಯ ಅಂದ್ಕೊಂಡೆ. ನೀನು ನೋಡಿ, ಸರಿಯಿದೆ ಅಂದೆ. ನಾನೂ ಸುಮ್ಮನೆ ರೆಸಿನ್ ಬಳಿದೆ."

ಗೆರೆಯಮ್ಮ ಸ್ಟೂಲಿನ ಮೇಲೆ ಕುಸಿಯುತ್ತಾರೆ. ಕಣ್ಣಿನ ವಿಷಯ ಅವರಿಗೆ ಹಳೆಯದು. ಅಕ್ಕ ತನಗೆ ಹೆದರಿ, ತನ್ನನ್ನು ಪಾಪ ಎಂದುಕೊಂಡು, ಎರಡು ದಿನ ಒಂದೇ ತಟ್ಟೆ ಎದುರು ಕೂತು ಊಟ ಮಾಡಿದ್ದು ಹೊಸದು. "ಜಗಳ ಆಡಿದ್ದಿದ್ರೆ ಚೆನ್ನಾಗಿತ್ತು," ಎಂದಷ್ಟೇ ಅನ್ನುತ್ತಾರೆ.

ಗಟ್ಟಿ ಮಣಿಕಟ್ಟಿನವರ ಕೈಯಲ್ಲಾದರೆ ಈ ಕೋಲು ನಡೆದುಹೋಗುತ್ತಿತ್ತು. ಮೀನು ಎಳೆದಾಗ ಕೋಲು ಒಂದು ಪಕ್ಕಕ್ಕೆ ತಿರುಚಿಕೊಳ್ಳುತ್ತದೆ, ಅವರು ಅರಿವಿಲ್ಲದೆಯೇ ತಿರುಗಿಸಿ ಹಿಡಿಯುತ್ತಾರೆ. ಕ್ರೇನಿನವರ ಎಡಗೈಗೆ ಅಷ್ಟು ಕಸುವಿಲ್ಲ. ಕೋಲು ತಿರುಚಿದರೆ ಅವರು ಉಂಗುರವನ್ನು ದೂರುವುದಿಲ್ಲ, ಕೈಯನ್ನು ದೂರಿಕೊಳ್ಳುತ್ತಾರೆ. ಮತ್ತೆ ಸೇತುವೆಯ ಕಡೆ ತಲೆ ಹಾಕುವುದಿಲ್ಲ.

ಹತ್ತಕ್ಕೆ ಸರಿಯಾಗಿ ಅವರು ಬರುತ್ತಾರೆ. ಕಾಲೆಳೆಯುತ್ತ, ಹೆಗಲ ಚೀಲದಲ್ಲಿ ರೀಲು ಹಾಕಿಕೊಂಡು.

"ಎಲ್ಲಮ್ಮಾ ನನ್ನ ಮದುಮಗಳು?"

"ಇವತ್ತು ಕೊಡಲ್ಲ ಸಾರ್. ಐದು ಉಂಗುರ ಬಿಚ್ಚಬೇಕು. ನಂದೇ ತಪ್ಪು. ಕಣ್ಣು ಸರಿಯಾಗಿ ಕಾಣ್ತಿಲ್ಲ."

ಅಕ್ಕ ನೆಲ ನೋಡುತ್ತಾರೆ. ಕ್ರೇನಿನವರು ಕೋಲನ್ನು ಎಡಗೈಯಲ್ಲಿ ಎತ್ತಿ ನೋಡುತ್ತಾರೆ. ವಾರೆ ಕಾಣುವುದಿಲ್ಲ, ಆದರೂ ತಲೆಯಾಡಿಸುತ್ತಾರೆ. "ನಾಳೆ ಗೆಳೆಯರಿಗೆಲ್ಲ ಬರ್ತೀನಿ ಅಂದುಬಿಟ್ಟಿದ್ದೀನಲ್ಲಮ್ಮಾ." ಹೊರತೆಗೆದಿದ್ದ ರೀಲನ್ನು ಚೀಲಕ್ಕೆ ವಾಪಸ್ ಹಾಕುತ್ತಾರೆ. "ಹೋಗ್ಲಿ. ಬರೀ ಕೂತು ಅವರನ್ನ ರೇಗಿಸಿ ಬರ್ತೀನಿ. ನನ್ನ ಕೈ, ನಿಮ್ಮ ಕಣ್ಣು, ಎರಡನ್ನೂ ಒಂದೇ ಅಂಗಡೀಲಿ ಕೊಂಡಿದ್ದು ಅನ್ಸುತ್ತೆ."

"ಗ್ಯಾರಂಟಿ ಮುಗಿದಿದೆ ಸಾರ್," ಎನ್ನುತ್ತಾರೆ ಅಕ್ಕ, ನೆಲ ನೋಡುತ್ತಲೇ.

ಅವರು ಹೋದ ಮೇಲೆ, ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿ ಹಿಡಿದು ಅಕ್ಕ ರೆಸಿನ್ ಮೆತ್ತಗಾಗಿಸುತ್ತಾರೆ. ಗೆರೆಯಮ್ಮ ಉಂಗುರದ ಲೋಹದ ಪಾದದ ಮೇಲಷ್ಟೇ ಬ್ಲೇಡು ಎಳೆಯುತ್ತಾರೆ. ಕೆಳಗಿನ ಕಾರ್ಬನ್‌ಗೆ ಒಂದು ಗೀರು ಬಿದ್ದರೂ ಮುಂದೊಂದು ದಿನ ಕೋಲು ಅಲ್ಲೇ ಮುರಿಯುತ್ತದೆ. ಸುತ್ತಿದ ನೂಲು ಸಿಪ್ಪೆಯಂತೆ ಸುಲಿದು ಬೀಳುತ್ತದೆ. ಬೆನ್ನು ಹಿಡಿದುಕೊಂಡು ಇಬ್ಬರೂ ಸರದಿಯಲ್ಲಿ ಏಳುತ್ತಾರೆ, ಕೂರುತ್ತಾರೆ.

ಊಟದ ಹೊತ್ತಿಗೆ ಐದೂ ಬಿಚ್ಚಿ ಆಗಿದೆ. ಗೆರೆಯಮ್ಮ ಸುತ್ತಿಗೆ ತಂದು ಗಲ್ಲ ಊರುವ ತುಂಡಿನ ಮೊಳೆ ಕೀಳುತ್ತಾರೆ. ಎಡಗಣ್ಣು ಕೋಲಿನ ನೇರಕ್ಕೆ ಬರುವಷ್ಟು ಪಕ್ಕಕ್ಕೆ ಸರಿಸಿ ಮತ್ತೆ ಹೊಡೆಯುತ್ತಾರೆ. ಹಳೆಯ ಜಾಗದಲ್ಲಿ ಮೇಜಿನ ಬಣ್ಣ ಮಾಸದೆ ಹಾಗೇ ಉಳಿದಿದೆ. ಎಡಗಣ್ಣೂ ಮಸುಕಾದರೆ ಮುಂದೇನು ಎಂದು ಕೇಳಿದರೆ, "ಮುಂದಿಂದು ಮುಂದೆ. ಈ ಕೋಲು ಅವರ ಕೈಯಲ್ಲಿ ತಿರುಚಬಾರ್ದು, ಈಗ ಅದೊಂದೇ," ಎನ್ನುತ್ತಾರೆ.

ಬೆಳಗಿನ ಬೆಳಕಲ್ಲ ಇದು, ನೆರಳು ಅಡ್ಡ ಬರುತ್ತದೆ. ನಾಳೆಯವರೆಗೆ ಕಾಯುವ ತಾಳ್ಮೆ ಇಲ್ಲ. ಕಿಟಕಿಗೆ ಬಿಳಿ ಬಟ್ಟೆ ಕಟ್ಟಿ ಗಲ್ಲ ಊರುತ್ತಾರೆ. ಅಭ್ಯಾಸವಿಲ್ಲದ ಕಣ್ಣಿನಲ್ಲಿ ನೀರು ಬರುತ್ತದೆ. ಒರೆಸಿಕೊಂಡು, ಒಂದೊಂದೇ ಉಂಗುರ ಸರಿಸಿ ಟೇಪು ಅಂಟಿಸಿ, ಕೊನೆಗೆ ಎದ್ದು ಜಾಗ ಬಿಡುತ್ತಾರೆ.

"ಬಾ, ನೀನು ನೋಡು."

"ನಂಗೇನು ಗೊತ್ತಾಗುತ್ತೆ?"

"ಗೊತ್ತಾಗುತ್ತೆ ಅಂತ ಗೊತ್ತಾಯ್ತಲ್ಲ. ಕೂತ್ಕೋ."

ಅಕ್ಕ ಕೂತು ದಾರ ಎಳೆಯುತ್ತಾರೆ. ಬಹಳ ಹೊತ್ತು ನೋಡುತ್ತಾರೆ. ತಂಗಿಯ ಮುಖ ನೋಡುತ್ತಾರೆ, ಮತ್ತೆ ದಾರ.

"ಏಳನೇದು," ಎನ್ನುತ್ತಾರೆ ಮೆಲ್ಲಗೆ. "ಒಂಚೂರು ಎಡಕ್ಕಿದೆ."

ಗೆರೆಯಮ್ಮ ಬಾಗಿ, ಹೆಬ್ಬೆರಳಿಟ್ಟು ಒತ್ತುತ್ತಾರೆ. "ಈಗ?"

"ಇನ್ನೂ."