ಮಾವಶಿಯ ಎರಡು ಚಂದ್ರ

ಇವತ್ತು ಬೆಳಿಗ್ಗೆ ಅಂಗಡಿಯ ಶಟರ್ ಎತ್ತುವ ಮೊದಲೇ ಜೇಬಿನಲ್ಲಿ ಮೊಬೈಲು ಗುರ್ರೆಂದಿತು. ತೆಗೆದು ನೋಡುವ ಅಗತ್ಯವೇ ಇರಲಿಲ್ಲ. ಆಗಸ್ಟ್ ತಿಂಗಳಲ್ಲಿ ನಮ್ಮ ಬೀಗರು-ಬಿಜ್ಜರ ಗ್ರೂಪಿನಲ್ಲಿ ಏನು ಬರುತ್ತದೆಂದು ನನಗೆ ಗೊತ್ತು. 'ಸತ್ತಾವೀಸ ಆಗಸ್ಟಲಾ ಮಂಗಳ ಚಂದ್ರಾಏವಢಾ ದಿಸಣಾರ.' ಇಪ್ಪತ್ತೇಳನೇ ತಾರೀಖಿಗೆ ಮಂಗಳ ಗ್ರಹ ಚಂದ್ರನಷ್ಟು ದೊಡ್ಡದಾಗಿ ಕಾಣುತ್ತದಂತೆ, ಆಕಾಶದಲ್ಲಿ ಎರಡು ಚಂದ್ರರಂತೆ, ಈಗ ಬದುಕಿರುವವರು ಯಾರೂ ಇದನ್ನು ಮತ್ತೊಮ್ಮೆ ನೋಡಲಾರರಂತೆ, ಹತ್ತು ಜನರಿಗೆ ಕಳಿಸಬೇಕಂತೆ. ಮನೆಯಲ್ಲಿ ಕನ್ನಡ ಮಾತಾಡಿ, ಸಾಲೆಯಲ್ಲಿ ಮರಾಠಿ ಕಲಿತ ಸೋಲಾಪುರದ ಕಡೆಯ ಜನ ನಾವು. ಸುಳ್ಳುಸುದ್ದಿ ನಮಗೆ ಮರಾಠಿಯಲ್ಲಿ ಬರುತ್ತದೆ, ಅದರ ಮೇಲಿನ ಜಗಳ ಕನ್ನಡದಲ್ಲಿ ನಡೆಯುತ್ತದೆ.

ನನ್ನದೊಂದು ಕೆಟ್ಟ ಚಾಳಿ ಇದೆ, ನಿಮಗೆ ಹೇಳಿಬಿಡುತ್ತೇನೆ. ಯಾರಾದರೂ ತಪ್ಪು ಹೇಳಿದರೆ ಅದನ್ನು ತಿದ್ದುವ ತನಕ ನಾನು ಕೂತಲ್ಲಿ ಕೂಡಲಾರೆ. ಮದುವೆ ಮನೆಯ ಪಂಕ್ತಿಯಲ್ಲಿ, ಬಸ್ಸಿನಲ್ಲಿ, ಒಮ್ಮೆ ಮಣ್ಣಿಗೆ ಹೋದಲ್ಲಿ ಕೂಡ ತಿದ್ದಿದ್ದೇನೆ. 'ಊರ ಉಸಾಬರಿ ನಿಮಗ್ಯಾಕ್ರಿ?' ಎನ್ನುವುದು ನನ್ನ ಹೆಂಡತಿಯ ನಿತ್ಯದ ಮಂತ್ರ. ಆದರೆ ನನ್ನದು ಚಷ್ಮಾ ಅಂಗಡಿ. ಜನರಿಗೆ ಸರಿಯಾಗಿ ಕಾಣುವಂತೆ ಮಾಡುವುದೇ ಹೊಟ್ಟೆಪಾಡು. ಕಣ್ಣಿಗೊಂದು ನಂಬರು ಕೊಟ್ಟು, ತಲೆಯೊಳಗಿನದನ್ನು ಹಾಗೇ ಬಿಡು ಎಂದರೆ ಹೇಗೆ ಬಿಡಲಿ, ನೀವೇ ಹೇಳಿ.

ಆ ಸುದ್ದಿಯ ಹುಟ್ಟು ನಿಮಗೆ ಗೊತ್ತಿರಬಹುದು. ಬಹಳ ವರ್ಷಗಳ ಹಿಂದೆ ಒಂದು ಆಗಸ್ಟಿನಲ್ಲಿ ಮಂಗಳ ನಿಜವಾಗಿಯೂ ಭೂಮಿಯ ಹತ್ತಿರ ಬಂದಿತ್ತು. ಎಪ್ಪತ್ತೈದು ಪಟ್ಟು ದೊಡ್ಡದು ಮಾಡುವ ದುರ್ಬೀನಿನಲ್ಲಿ ಅದನ್ನು ನೋಡಿದರೆ, ಬರಿಗಣ್ಣಿಗೆ ಹುಣ್ಣಿಮೆ ಚಂದ್ರ ಎಷ್ಟು ಕಾಣುತ್ತಾನೋ ಅಷ್ಟು ಕಾಣುತ್ತದೆ ಎಂದು ಯಾರೋ ಬರೆದರು. ಸರಿಯಾದ ಮಾತೇ. ಆದರೆ ಕೈಯಿಂದ ಕೈಗೆ ದಾಟುವಾಗ ದುರ್ಬೀನು ಎಲ್ಲೋ ಬಿದ್ದುಹೋಯಿತು, ಬರಿಗಣ್ಣು ಉಳಿಯಿತು. ವರ್ಷವೂ ಬಿದ್ದುಹೋಯಿತು, ತಿಂಗಳು ಉಳಿಯಿತು. ಅಂದಿನಿಂದ ನಮ್ಮ ಮಂಗಳ ಶ್ರಾವಣದ ನೆಂಟನ ಹಾಗೆ ಪ್ರತಿ ವರ್ಷ ಬರುತ್ತಾನೆ. ಒಂದು ವರ್ಷ ಕುಂಭಾರಿಯ ಗಿರಾಕಿಯೊಬ್ಬರು ಅಂಗಡಿಗೆ ಬಂದು, 'ಮಂಗಳ ನೋಡೂ ಸಲುವಾಗಿ ಪಂಚ್ಯಾಹತ್ತರದ ಚಷ್ಮಾ ಕೊಡ್ರಿ' ಎಂದಿದ್ದರು. ಪಂಚ್ಯಾಹತ್ತರ ಎಂದರೆ ಮರಾಠಿಯ ಎಪ್ಪತ್ತೈದು; ನಮ್ಮ ಧಂದೆಯಲ್ಲಿ ಅದು ಮುಕ್ಕಾಲು ನಂಬರು, ಆಗಷ್ಟೇ ಪೇಪರು ಮಸುಕಾಗತೊಡಗಿದವರಿಗೆ ಕೊಡುವ ಹಗುರ ಗಾಜು. 'ಇದರಿಂದ ಪೇಪರ್ ಕಾಣ್ತದ್ರಿ, ಮಂಗಳ ಕಾಣಂಗಿಲ್ಲ' ಎಂದೆ. ಅವರು ಪೇಪರಿಗಾಗಿ ಒಂದು ಮಾಡಿಸಿಕೊಂಡು ಹೋದರು.

ಇನ್ನು ಮಂಗಳ ಎಂಬ ಶಬ್ದ. ಶುಭ ಎಂಬ ಅರ್ಥದ ಇಂಥ ಚಂದದ ಶಬ್ದಕ್ಕೆ ನಮ್ಮ ಕಡೆ ಆದ ಗತಿ ಮತ್ತೆಲ್ಲೂ ಆಗಿರಲಿಕ್ಕಿಲ್ಲ. ಕೊರಳಿಗೆ ಮಂಗಳಸೂತ್ರ ಬೇಕು, ಲಗ್ನಕ್ಕೆ ಮಂಗಳಾಷ್ಟಕ ಬೇಕು, ಉಣ್ಣಲು ಮಂಗಳವೇಢೆಯ ಜೋಳವೇ ಬೇಕು. ಆದರೆ 'ಹುಡಿಗೀಗಿ ಮಂಗಳ ಅದ' ಎಂದು ಯಾರಾದರೂ ದನಿ ತಗ್ಗಿಸಿ ಅಂದರೆ ಬೀಗರು ಚಹಾ ಅರ್ಧಕ್ಕೆ ಬಿಟ್ಟು ಏಳುತ್ತಾರೆ. ಅದರಲ್ಲೂ 'ಕಡಕ್ ಮಂಗಳ' ಎಂಬುದೊಂದಿದೆ, ಬಲವಾದ ಕುಜದೋಷ. ನನ್ನ ಮಾವಶಿಗೆ, ಅಂದರೆ ನನ್ನ ಅವ್ವನ ತಂಗಿಗೆ, ಜಾತಕದಲ್ಲಿ ಇದ್ದದ್ದು ಅದೇ. ಬಂದ ಸಂಬಂಧಗಳೆಲ್ಲ ಮುರಿದು ಮುರಿದು, ಓರಿಗೆಯವರ ಮಕ್ಕಳು ಸಾಲೆಗೆ ಹೋಗುವ ಹೊತ್ತಿಗೆ ಅಕ್ಕಲಕೋಟೆಯ ಒಕ್ಕಲು ಮನೆತನವೊಂದು ಆಕೆಯನ್ನು ತಂದುಕೊಂಡಿತು. ಗಂಡ ಒಳ್ಳೆಯವರು, ತುಂಬಿದ ಮನೆ, ಚೆನ್ನಾಗಿಯೇ ಬಾಳಿದಳು. ಆದರೂ ಆ ಹೆಸರು ಬಂದಾಗ ಅವಳ ಹುಬ್ಬು ಗಂಟಾಗುತ್ತಿತ್ತು. 'ಜನ್ಮಪೂರ್ತಿ ಅವನ ಹೆಸರು ಕೇಳೀನಿ. ಒಮ್ಮಿರೆ ಅವನ ಮಾರಿ ನೋಡ್ಬೇಕು' ಎನ್ನುತ್ತಿದ್ದಳು.

ಕೆಲವು ವರ್ಷಗಳ ಹಿಂದೆ, ಇದೇ ಆಗಸ್ಟಿನಲ್ಲಿ, ಗ್ರೂಪಿಗೆ ಇದೇ ಸುದ್ದಿ ಬಂತು. ನಾನು ಗಿರಾಕಿಯನ್ನು ಕಾಯಿಸಿ ಉದ್ದನೆಯ ಉತ್ತರ ಬರೆದೆ. ದುರ್ಬೀನು, ಪಟ್ಟು, ದೂರ, ಎಲ್ಲವನ್ನೂ ವಿವರಿಸಿದೆ. ಮೊದಲ ಏಟು ಬಂದದ್ದು ಸಲಗರದ ಕಾಕಾನಿಂದ. ಮಂಗಳವೇಢೆ ತಾಲೂಕಿನ ಈ ಹಿರಿಯರು ಗ್ರೂಪಿನಲ್ಲಿ ಎಲ್ಲದಕ್ಕೂ ಎದುರು ನಿಲ್ಲುವವರು. 'ಚಷ್ಮಾ ಮಾರಾಂವ ಚಷ್ಮಾ ಮಾರು. ಆಕಾಶೇನು ನಿನ್ನ ದುಕಾನೇನು?' ಎಂದರು. ಅದನ್ನಾದರೂ ನುಂಗಿಕೊಳ್ಳುತ್ತಿದ್ದೆ. ಅದರ ಬೆನ್ನಿಗೇ ಮಾವಶಿಯ ದನಿ ಬಂತು. ಅವಳು ಬರೆಯುವುದಿಲ್ಲ, ಮಾತಾಡಿ ಕಳಿಸುತ್ತಾಳೆ; ನನ್ನನ್ನು ಪ್ರೀತಿಯಿಂದ ಕರೆಯುವುದು ತಮ್ಮಾ ಎಂದೇ.

'ತಮ್ಮಾ, ನೀ ಸುಳ್ಳ ಅಂತಿ. ನಾ ನಿನ್ನಿ ಮಾಳಿಗಿ ಮ್ಯಾಲ ನಿಂತು ನೋಡೀನಿ. ಎರಡು ಅವ. ಒಂದರ ಬಾಜೂಕ ಒಂದು.'

ಗ್ರೂಪೆಲ್ಲ ಅವಳ ಕಡೆ ವಾಲಿತು. ಮಾವಶಿ ಸುಳ್ಳು ಹೇಳುವವಳಲ್ಲ, ಇದು ಬಂಧು ಬಳಗಕ್ಕೆಲ್ಲ ಗೊತ್ತು, ನನಗೂ ಗೊತ್ತು. ಅದೇ ನನ್ನ ಸಂಕಟ. ತಾರೀಖಿಗೆ ಇನ್ನೂ ಮೂರು ದಿನ ಇರುವಾಗಲೇ ಈಕೆಗೆ ಎರಡು ಹೇಗೆ ಕಂಡವು? ಆ ರಾತ್ರಿ ಮಗ್ಗಲು ಬದಲಿಸಿದ್ದೇ ಬದಲಿಸಿದ್ದು. ಮರುದಿನ ಮಧ್ಯಾಹ್ನ ಅಂಗಡಿಯನ್ನು ನನ್ನ ತಮ್ಮನಿಗೆ ಒಪ್ಪಿಸಿ, ಅಡುಗೆಮನೆಯ ಡಬ್ಬಿಯಿಂದ ಒಂದು ಹಿಡಿ ಜೋಳ ಜೇಬಿಗೆ ಸುರಿದುಕೊಂಡು ಅಕ್ಕಲಕೋಟೆಯ ಎಸ್‌ಟಿ ಬಸ್ಸು ಹತ್ತಿದೆ. ಕುಂಭಾರಿ ಬರುವಷ್ಟರಲ್ಲಿ ನನ್ನ ವಾದವನ್ನು ಮನಸ್ಸಿನಲ್ಲೇ ನಾಲ್ಕು ಬಾರಿ ಗೆದ್ದಿದ್ದೆ. ಕಿಟಕಿಯಾಚೆ ತೊಗರಿ ಹೊಲಗಳು ಹಸಿರಾಗಿದ್ದವು, ಅವನ್ನು ನೋಡುವ ವ್ಯವಧಾನ ನನಗಿರಲಿಲ್ಲ.

ಜೋಳ ಯಾಕೆ ಎಂದಿರಾ? ನೀವೂ ಮಾಡಿ ನೋಡಿ. ಜೋಳದ ಒಂದು ದಪ್ಪ ಕಾಳನ್ನು ಎರಡು ಬೆರಳಲ್ಲಿ ಹಿಡಿದು ಕೈಯನ್ನು ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ ಚಂದ್ರನ ಎದುರು ಹಿಡಿಯಿರಿ. ಅಷ್ಟು ದೊಡ್ಡ ಚಂದ್ರ ಹೆಚ್ಚುಕಡಿಮೆ ಆ ಕಾಳಿನ ಹಿಂದೆ ಅಡಗುತ್ತಾನೆ. ಅದೇ ಕಾಳನ್ನು ಓಣಿಯ ಆಚೆ ತುದಿಗೆ ಒಯ್ದು ಇಟ್ಟರೆ ಹೇಗೋ, ಹಾಗೆ ಮಂಗಳ, ಅದೂ ತೀರ ಹತ್ತಿರ ಬಂದಾಗ. ಈ ಯುಕ್ತಿಯಿಂದ ಮಾವಶಿಯನ್ನು ಒಂದೇ ಏಟಿಗೆ ಕೆಡವುತ್ತೇನೆ ಎಂಬ ಹುಮ್ಮಸ್ಸು ನನ್ನದು.

ಹೊತ್ತು ಮುಳುಗಿತ್ತು. ನೂಲಹುಣ್ಣಿಮೆ ಹತ್ತಿರವಿದ್ದುದರಿಂದ ಚಂದ್ರ ಆಗಲೇ ಮೇಲಿದ್ದ, ಮೋಡದಲ್ಲಿ ಹೊಕ್ಕು ಹೊರಡುತ್ತಿದ್ದ. ಮಾವಶಿಯ ಸೊಸೆ, ನನ್ನ ವೈನಿ, 'ಮೊದಲ ಚಹಾ ತಗೋರಿ ಭಾವಜಿ, ಚಂದ್ರ ಎಲ್ಲಿ ಓಡಿ ಹೋಗ್ತಾನ?' ಎಂದು ಕಪ್ಪು ಹಿಡಿದು ಮಾಳಿಗೆಗೆ ಬಂದಳು. ನಾನು ಕುಡಿಯಲಿಲ್ಲ. ಮಾವಶಿಯ ಕೈಗೆ ಕಾಳು ಕೊಟ್ಟು, ಹೀಗೆ ಹಿಡಿ, ಒಂದು ಕಣ್ಣು ಮುಚ್ಚು, ಚಂದ್ರನಿಗೆ ಅಡ್ಡ ಮಾಡು ಎಂದೆ. ಅವಳು ಎಡಗಣ್ಣನ್ನು ಅಂಗೈಯಿಂದ ಮುಚ್ಚಿ, ಬಲಗೈ ಚಾಚಿ, ಸ್ವಲ್ಪ ಹೊತ್ತು ನೋಡಿ ಕೇಳಿದಳು.

'ಯಾವ ಚಂದ್ರಕ್ಕ ಹಿಡೀಲಿ?'

ಎರಡೂ ಕಣ್ಣು ತೆರೆದಾಗ ಎರಡೆರಡು ಕಂಡರೆ ಅದರ ಕಥೆಯೇ ಬೇರೆ. ಒಂದು ಕಣ್ಣು ಮುಚ್ಚಿದ ಮೇಲೂ ಎರಡು ಕಾಣುತ್ತಿದ್ದರೆ ದೋಷ ಆ ತೆರೆದ ಕಣ್ಣಿನೊಳಗೇ ಇದೆ. ಅಂಗಡಿಗೆ ಬರುವ ಹಿರಿಯರಲ್ಲಿ ಇದನ್ನು ಎಷ್ಟು ಸಲ ನೋಡಿಲ್ಲ ನಾನು! ಓಣಿಯ ಕಂಬದ ದೀಪ ತೋರಿಸಿ ಅದೆಷ್ಟು ಎಂದು ಕೇಳಿದೆ.

'ಅವೂ ಎರಡ.'

'ಅದರಾಗ ಒಂದು ಮಂಗಳೇನು ಮಾವಶಿ?'

ಅವಳು ಕಾಳು ಹಿಡಿದ ಕೈ ಇಳಿಸಿದಳು. ಈಗ ಈ ಕಣ್ಣು ಮುಚ್ಚಿ ಎಡಗಣ್ಣಲ್ಲಿ ನೋಡು ಎಂದೆ. 'ಅದರಾಗ ಏನದ, ಬರೇ ಹೊಗಿ' ಎಂದಳು, ಹಳೆಯ ವಿಷಯ ಹೇಳುವ ದನಿಯಲ್ಲಿ. ಮೋತಿಬಿಂದು, ಕಣ್ಣಿನ ಪೊರೆ. ಎಡಗಣ್ಣು ಪೂರ್ತಿ ಮುಚ್ಚಿದೆ, ಬಲಗಣ್ಣು ಅದೇ ದಾರಿ ಹಿಡಿದಿದೆ. ವೈನಿ ಕಪ್ಪು ಕೆಳಗಿಟ್ಟು ಹಣೆ ಹಿಡಿದುಕೊಂಡಳು. 'ಪಲ್ಯಾಕ ಎರಡೆರಡ ಸಲ ಉಪ್ಪ ಹಾಕ್ತಿದ್ರು. ನಾ ವಯಸ್ಸಾತಲ್ಲ, ಮರಿವು ಅಂದ್ಕೊಂಡಿದ್ದೆ' ಎಂದಳು. ವಾದ ಗೆದ್ದಿದ್ದೆ, ಆದರೆ ಗೆದ್ದ ಖುಷಿ ಎಲ್ಲಿ ಹೋಯಿತೋ. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

'ಯಾಕ ಹೇಳಲಿಲ್ಲ?' ಎಂದು ಕೇಳಿದೆ, ಸ್ವಲ್ಪ ಜೋರಾಗಿಯೇ.

ಮಾವಶಿ ಕಾಳನ್ನು ಅಂಗೈಯಲ್ಲಿ ಉರುಳಿಸುತ್ತ ಹೇಳಿದಳು. 'ಬ್ಯಾಸಗಿಯಿಂದ ಎರಡ ಕಾಣಾಕತ್ತಾವ. ದಿನಾ ಅಂಜ್ಕೊಂಡು ಮಲಗ್ತಿದ್ದೆ. ಮೊನ್ನೆ ಮೊಮ್ಮಗಳು ಆ ಸುದ್ದಿ ಓದಿದ್ಳು, ಎಲ್ಲಾರಿಗೂ ಎರಡ ಕಾಣ್ತಾವ ಅಂತ. ಎಷ್ಟ ಹಗುರಾತು ಅಂತಿ! ನನಗೊಬ್ಬಾಕಿಗಿ ಅಲ್ಲ ಅಂದ್ಕೊಂಡೆ.'

ಇಂಥ ಮಾತಿಗೆ ನೀವಾದರೆ ಏನು ಹೇಳುತ್ತಿದ್ದಿರಿ? ವರ್ಷಗಟ್ಟಲೆ ನಾನು ಹಲ್ಲು ಕಡಿದು ಬೈದ ಸುಳ್ಳು ಆಕೆಗೆ ಎರಡು ರಾತ್ರಿಯ ನಿದ್ದೆ ಕೊಟ್ಟಿತ್ತು. ಅದನ್ನು ಕಿತ್ತುಕೊಳ್ಳಲೆಂದೇ ನಾನು ಟಿಕೆಟು ತೆಗೆಸಿ ಬಂದಿದ್ದೆ. ಆದರೂ ಕಿತ್ತುಕೊಳ್ಳದೆ ದಾರಿಯಿರಲಿಲ್ಲ. ಬಲಗಣ್ಣೂ ಮುಚ್ಚಿಹೋದರೆ ಮಾವಶಿ ಮೆಟ್ಟಿಲು ಹತ್ತಿ ಈ ಮಾಳಿಗೆಗೆ ಬರುವುದೂ ನಿಲ್ಲುತ್ತಿತ್ತು.

ಸೋಲಾಪುರಕ್ಕೆ ಬಾ, ಆಪರೇಷನ್ ಮಾಡಿಸೋಣ ಎಂದೆ. ಅವಳು ಒಕ್ಕಲಗಿತ್ತಿ, ಅವಳ ಉತ್ತರ ಸಿದ್ಧವಿತ್ತು. 'ಮೋತಿಬಿಂದು ಪಿಕ್ಕಬೇಕೋ. ಹಸೀ ತೆನಿ ಯಾರರೆ ಕೊಯ್ತಾರೇನು? ನಮ್ಮತ್ತಿ ಅವಸರ ಮಾಡಿ ಕಣ್ಣ ಕಳಕೊಂಡ್ಲು.' ಹಣ್ಣಾಗುವ ತನಕ ಕಾಯಬೇಕೆಂಬ ಈ ಮಾತು ನಮ್ಮ ಹಳ್ಳಿಗಳಲ್ಲಿ ಇನ್ನೂ ಸತ್ತಿಲ್ಲ. ಅತ್ತೆಯ ಕಾಲದಲ್ಲಿ ಹಾಗಿದ್ದಿರಲೂಬಹುದು. 'ಇದು ಬೆಳಿ ಅಲ್ಲ ಮಾವಶಿ, ಕಾದಷ್ಟೂ ಕಲ್ಲಾಗ್ತದ' ಎಂದರೆ ಕೇಳಲೊಲ್ಲಳು. ಕೊನೆಗೆ ಅವಳೇ ಒಂದು ಕರಾರು ಹಾಕಿದಳು. 'ಸತ್ತಾವೀಸ ತಾರೀಖ ಬರ್ಲಿ. ಮನಿ ಮಂದಿಗೆಲ್ಲ ಕೇಳ್ತೀನಿ. ಎರಡ ಕಂಡ್ರ ನೀ ಮತ್ತ ಈ ಮಾತು ತಗೀಬ್ಯಾಡ. ಒಂದ ಕಂಡ್ರ ಬರ್ತೀನಿ.'

ಹೀಗಾಗಿ ಆ ವರ್ಷ ಮಂಗಳನ ದಾರಿಯನ್ನು ನನ್ನಷ್ಟು ಕಾತರದಿಂದ ಕಾದವರು ಯಾರೂ ಇಲ್ಲ. ಇಪ್ಪತ್ತೇಳಕ್ಕೆ ಮತ್ತೆ ಎಸ್‌ಟಿ, ಮತ್ತೆ ಅದೇ ಮಾಳಿಗೆ. ಊಟಕ್ಕೆ ಮುಂಚೆ ಚಂದ್ರ ಮೂಡಿದ. ಮಾವಶಿ ಕಂಬಳಿಯ ಮೇಲೆ ಕೂತು ಮನೆಯವರನ್ನೆಲ್ಲ ಒಬ್ಬೊಬ್ಬರನ್ನಾಗಿ ಎದುರು ನಿಲ್ಲಿಸಿ ಕೇಳಿದಳು. ಮಗ ಒಂದು ಎಂದ. ಸೊಸೆ ಒಂದು ಎಂದಳು. ಮೊಮ್ಮಗಳು ಅಜ್ಜಿಯ ಮುಖ ನೋಡಿ ತಡೆದಳು. 'ಖರೇ ಹೇಳ' ಎಂದು ಗದರಿಸಿದ ಮೇಲೆ, ಅಳುದನಿಯಲ್ಲಿ, ಒಂದು ಎಂದಳು. ಬಾಜೂಮನೆಯವರನ್ನೂ ಮಾಳಿಗೆಯಿಂದಲೇ ಕೂಗಿ ಕೇಳಿದ್ದಾಯಿತು. ನನ್ನನ್ನು ಮಾತ್ರ ಕೇಳಲಿಲ್ಲ. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಇನ್ನೊಮ್ಮೆ ಚಂದ್ರನನ್ನು ನೋಡಿದಳು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ನಮಗೆಲ್ಲ ಬಾಯಿಪಾಠ. ಆದರೆ ತನ್ನ ಕಣ್ಣಿನ ವಿರುದ್ಧ ತಾನೇ ಸಾಕ್ಷಿ ಕೇಳಿದ್ದನ್ನು ನಾನು ನೋಡಿದ್ದು ಅಂದೇ.

'ಮುಂಜಾನಿ ಬಸ್ ಎಷ್ಟಕ್ಕದ?' ಎಂದಳು.

ಎರಡೂ ಕಣ್ಣಿನ ಆಪರೇಷನ್ ಒಂದರ ಹಿಂದೊಂದು ಸುರಳೀತ ಆಯಿತು. ಪಟ್ಟಿ ಬಿಚ್ಚಿದಾಗ ನನ್ನನ್ನು ನೋಡಿ ಆಕೆ ಅಂದದ್ದು, 'ನಿನ್ನ ತಲಿ ಇಷ್ಟ ಬೆಳ್ಳಗ ಯಾವಾಗಾತೋ?' ಅಕ್ಕಲಕೋಟೆಗೆ ಬಿಡಲು ಹೋದ ಸಂಜೆ ಮತ್ತೆ ಮಾಳಿಗೆ ಹತ್ತಿದೆವು. ಮಾವಶಿ ಮೊದಲು ಕಂಬದ ದೀಪ ನೋಡಿದಳು, ಆಮೇಲೆ ಚಂದ್ರನನ್ನು. 'ಒಂದ ಅದ' ಎಂದಳು. ಆ ದನಿಯಲ್ಲಿ ಸಮಾಧಾನವಿತ್ತು, ಏನೋ ಕಳೆದುಕೊಂಡ ಬೇಸರವೂ ತುಸು ಇತ್ತು ಎಂದು ನನಗೆ ಅನಿಸಿತು. ಆ ವರ್ಷ ಮಂಗಳ ಆಕಾಶದಲ್ಲಿ ಚೆನ್ನಾಗಿಯೇ ಇದ್ದ. ತೆಂಕಣ ದಿಕ್ಕಿಗೆ ಕೈ ಮಾಡಿ, ಅವನೇ ನೋಡು ಎಂದೆ. ಮೂಗುಬೊಟ್ಟಿನ ಕೆಂಪು ಹರಳಿನಂಥ ಒಂದು ಚುಕ್ಕೆ. ಅವಳು ಸೊಂಟದ ಮೇಲೆ ಕೈಯಿಟ್ಟು ಬಹಳ ಹೊತ್ತು ಅದನ್ನೇ ನೋಡಿದಳು.

'ಇಷ್ಟ ಸಣ್ಣಾಂವ? ಇಂವ ನನ್ನ ಲಗ್ನಾ ಮುರದಾಂವ?'

ವೈನಿ ನಕ್ಕಳು, ನಾನೂ ನಕ್ಕೆ. ಮಾವಶಿ ನಗಲಿಲ್ಲ. ಕೆಳಗಿಳಿಯುವಾಗ ಮೊಮ್ಮಗಳ ತಲೆ ನೇವರಿಸಿ, 'ಈಕಿ ಜಾತಕ ಯಾರಿಗೂ ತೋರಸಬ್ಯಾಡ್ರಿ' ಎಂದಷ್ಟೇ ಹೇಳಿದಳು.

ಇವತ್ತು ಬೆಳಿಗ್ಗೆ ಜೇಬಿನಲ್ಲಿ ಮತ್ತೆ ಗುರ್ರೆಂದಾಗ ತಡೆಯಲಾರದೆ ಮೊಬೈಲು ತೆಗೆದೆ. ಸುದ್ದಿ ಅದೇ, ಕಳಿಸಿದವಳು ಮಾವಶಿ. ಈಗ ಪ್ರತಿ ಆಗಸ್ಟಿಗೂ ಗ್ರೂಪಿಗೆ ಅದನ್ನು ಹಾಕುವವಳು ಅವಳೇ. ಅದರ ಕೆಳಗೆ ತನ್ನ ದನಿಯಲ್ಲಿ ಒಂದು ಬಾಲಂಗೋಚಿ ಸೇರಿಸುತ್ತಾಳೆ. 'ಎಲ್ಲಾರೂ ಮಾಳಿಗಿ ಹತ್ತಿ ಒಂದೊಂದ ಕಣ್ಣ ಮುಚ್ಚಿ ನೋಡ್ರಿ. ಎರಡ ಕಂಡಾವ್ರು ಸೋಲಾಪುರಕ್ಕ ನಮ್ಮ ತಮ್ಮನ ಅಂಗಡಿಗಿ ಹೋಗ್ರಿ.' ಆದರೂ ಚಾಳಿ ಹೋಗುತ್ತದೆಯೇ? ಸುದ್ದಿ ಸುಳ್ಳೇ ತಾನೆ? ಶಟರ್ ಅರ್ಧಕ್ಕೆ ಬಿಟ್ಟು, ಮೆಟ್ಟಿಲ ಮೇಲೆ ನಿಂತು, 'ದುರ್ಬೀನಿನಲ್ಲಿ ನೋಡಿದರೆ ಮಾತ್ರ' ಎಂದು ಬರೆಯತೊಡಗಿದ್ದೆ. ಅಷ್ಟರಲ್ಲಿ ಸಲಗರದ ಕಾಕಾನದು ಬಂತು. ಗ್ರೂಪಿಗಲ್ಲ, ನನಗೊಬ್ಬನಿಗೇ.

'ನನಗ ಮೂರು ಕಾಣ್ತಾವ. ಗ್ರೂಪಿನ್ಯಾಗ ಹೇಳಬ್ಯಾಡ.'

ಬರೆದಿದ್ದನ್ನು ಅಳಿಸಿ ಹಾಕಿದೆ. 'ನಾಳಿಗೇ ಬರ್ರಿ ಕಾಕಾ, ಯಾರಿಗೂ ಹೇಳಂಗಿಲ್ಲ' ಎಂದು ಬರೆದೆ. ನಿಮಗೆ ಹೇಳಿದ್ದೇನೆ, ನೀವು ಗ್ರೂಪಿನಲ್ಲಿಲ್ಲವಲ್ಲ.