ಬ್ರಿತ್ತಾ ಹೇಳಿದ ಮಾತು

ಓವನ್‌ನಿಂದ ಆಗಷ್ಟೇ ತೆಗೆದ ಏಲಕ್ಕಿ ಬನ್ನಿನ ವಾಸನೆ ಬಂದರೆ ಸಾಕು, ಟೋರ್ಸ್‌ಲಾಂಡದ ನಮ್ಮ ಆ ಹಳದಿ ಮನೆ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಅಪ್ಪ ಆ ವಿದೇಶದ ಊರಿನ ಕಾರು ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದ ಕಾಲ. ಅಜ್ಜ ತೀರಿಕೊಂಡ ಮರುಬೇಸಿಗೆಯಲ್ಲಿ ಅಜ್ಜಿ ಉಡುಪಿಯಿಂದ ಬಂದು ವೀಸಾ ಇರುವಷ್ಟು ದಿನ ನಮ್ಮೊಡನೆ ಇದ್ದರು. ಬೆಳಿಗ್ಗೆ ಕಾಫಿಗೂ ಮೊದಲು ಬೈಬಲ್ ತೆರೆದು ಜ್ಞಾನೋಕ್ತಿ ಓದುವರು. "ಜ್ಞಾನ ಬೀದಿಯಲ್ಲಿ ನಿಂತು ಕೂಗ್ತಾಳೆ ಮಗಾ, ನಾವೇ ಕಿವಿ ಕೊಡುದಿಲ್ಲ," ಎನ್ನುವರು. ಬಸ್ ಡ್ರೈವರ್‌ನಿಂದ ಹಿಡಿದು ನನ್ನ ಶಿಶುವಿಹಾರ ಡಾಗಿಸ್‌ನ ಟೀಚರ್‌ವರೆಗೆ ಯಾರು ಸಿಕ್ಕರೂ ಬದುಕಿನ ಬಗ್ಗೆ ಏನಾದರೊಂದು ಕೇಳಿ ತಿಳಿಯಬೇಕು, ಕಳೆದುಹೋದ ಕಿವಿಯೋಲೆ ಹುಡುಕುವವರ ಹಾಗೆ. ಅಲ್ಲಿನ ಭಾಷೆಗೆ ಪುಕ್ಕಟೆ ದುಭಾಷಿ ನಾನು.

ಜ್ಞಾನ ಎಂದರೆ ಒಬ್ಬ ಹೆಂಗಸು ಎಂದೇ ಐದು ವರ್ಷದ ನಾನು ನಂಬಿದ್ದೆ. ಪಕ್ಕದ ಮನೆಯ ಮುದುಕಿ ಬ್ರಿತ್ತಾ ಸಂಜೆ ಬೀದಿಯಲ್ಲಿ ನಿಂತು ತಮ್ಮ ಬೆಕ್ಕನ್ನು ಕೂಗುತ್ತಿದ್ದರು. ಒಂದು ದಿನ ಓಡಿ ಬಂದು, "ಅಜ್ಜಿ, ಜ್ಞಾನ ಸಿಕ್ಕಿದ್ಳು," ಎಂದೆ. ಅಜ್ಜಿ ತಿದ್ದಲಿಲ್ಲ, ಸೆರಗು ಸರಿಮಾಡಿಕೊಂಡು ನನ್ನ ಕೈ ಹಿಡಿದು ಹೊರಟರು. ಬ್ರಿತ್ತಾರ ಗಂಡ ಹಿಂದಿನ ಚಳಿಗಾಲದಲ್ಲಷ್ಟೇ ತೀರಿಕೊಂಡಿದ್ದರು. ಅಂಗಳದ ಬೆಂಚಿಗೆ ಕಾಫಿ, ಏಲಕ್ಕಿ ಬನ್ನು ಬಂತು. "ಒಬ್ಬರೇ ಹೇಗೆ ದಿನ ದೂಡ್ತೀರಿ ಅಂತ ಕೇಳು ಮಗಾ," ಎಂದರು ಅಜ್ಜಿ. ಅಜ್ಜನಿಲ್ಲದ ಮನೆಗೆ ಮರಳಬೇಕಿದ್ದ ಅವರಿಗೆ ಆ ಉತ್ತರ ಬೇಕೇ ಬೇಕಿತ್ತು. ಬ್ರಿತ್ತಾ ಕಪ್ಪನ್ನು ಕೆಳಗಿಟ್ಟು, ಅಜ್ಜಿಯ ಮುಖವನ್ನೇ ನೋಡುತ್ತ ಬಹಳ ಹೊತ್ತು ಮೆಲ್ಲಗೆ ಮಾತಾಡಿದರು. ನಡುವೆ ಒಮ್ಮೆ ನಕ್ಕರು, ಒಮ್ಮೆ ಕಣ್ಣೊರೆಸಿಕೊಂಡರು. ಒಂದಕ್ಷರವೂ ತಿಳಿಯದಿದ್ದರೂ ಅಜ್ಜಿ ತಲೆದೂಗುತ್ತಲೇ ಇದ್ದರು. ಆಮೇಲೆ ನನ್ನ ಕಡೆ ತಿರುಗಿ, "ಎಂತ ಹೇಳಿದ್ರು?" ಎಂದರು.

ನನ್ನಲ್ಲಿದ್ದದ್ದು ಊಟಕ್ಕೆ, ಸ್ನಾನಕ್ಕೆ, ನಿದ್ದೆಗೆ ಸಾಲುವಷ್ಟು ಕನ್ನಡ. "ಬೇಜಾರು ಆಗ್ತದಂತೆ. ಆಗ ಫೀಕಾ ಮಾಡ್ಬೇಕಂತೆ," ಎಂದೆ. ಕಾಫಿ ಕುಡಿಯುತ್ತ ಕೂರುವುದೇ ಫೀಕಾ ಎಂದು ಅಜ್ಜಿಗೆ ಗೊತ್ತಿತ್ತು. "ಅಷ್ಟು ಹೊತ್ತು ಹೇಳಿದ್ದು ಇಷ್ಟೆಯಾ?" ಎಂದು ಕೇಳಿ, ನನ್ನ ತಲೆ ಸವರಿದರು.

ಊರಿಗೆ ಹೋದ ಅಜ್ಜಿ ಮತ್ತೆ ಬರಲಿಲ್ಲ. ಬ್ರಿತ್ತಾ ಕೂಡ ಈಗಿಲ್ಲ, ಹಳದಿ ಮನೆಯಲ್ಲಿ ಬೇರೆ ಯಾರೋ ಇದ್ದಾರೆ. ಹಿರಿಯರ ಒಂದು ಮಾತು ಹೀಗೆ ಕೈತಪ್ಪಿ ಹೋದದ್ದು ನಿಮ್ಮ ಮನೆಯಲ್ಲೂ ಇದ್ದೀತು. ಇಂದು ನನಗೆ ಎರಡೂ ಭಾಷೆ ಚೆನ್ನಾಗಿ ಬರುತ್ತವೆ. ದುಃಖಕ್ಕೆ ಎರಡರಲ್ಲೂ ಎಷ್ಟು ಶಬ್ದಗಳಿವೆ ಎಂದು ಬಲ್ಲೆ. ಬ್ರಿತ್ತಾ ಅಂದು ಹೇಳಿದ್ದು ಮಾತ್ರ ಒಂದೂ ನೆನಪಿಲ್ಲ.